ಅಜ್ಜನ ಮೊಣಕಾಲು ಮತ್ತು ಬಿಸಿಯಾಗದ ತೊಟ್ಟಿ

ನಾನು ಕೈ ಹಚ್ಚಿದ ಕೆಲಸ ಕೆಡುವುದಿಲ್ಲ. ಇದನ್ನು ಜಂಭದಿಂದ ಹೇಳುತ್ತಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎನ್ನುವ ಹಾಗೆ ಸುಮ್ಮನೆ ತಿಳಿಸುತ್ತಿದ್ದೇನೆ. ಗದಗಿನ ಒಂದು ಹೈಸ್ಕೂಲಿನ ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಅಲ್ಲಿನ ಗಾಜಿನ ನಳಿಕೆಗಳಿಗೆಲ್ಲ ನಂಬರ್ ಹಚ್ಚಿದವಳು ನಾನೇ. ಮನೆಯಲ್ಲಿ ದಿನಚರಿ ಬರೆಯುತ್ತೇನೆ. ನಳದ ನೀರು ಬಂದ ದಿನ, ಹಾಲು ಉಕ್ಕಿದ ದಿನ, ಅಪ್ಪ ಸಿಟ್ಟಿಗೆದ್ದ ದಿನ, ಎಲ್ಲವೂ ಅದರಲ್ಲಿವೆ. ಹಾಲು ಉಕ್ಕುವುದಕ್ಕೂ ಅಪ್ಪ ಸಿಟ್ಟಿಗೇಳುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಒಮ್ಮೆ ಲೆಕ್ಕ ಹಾಕಿ ಅಪ್ಪನಿಗೇ ತೋರಿಸಿದ್ದೆ. ಅವತ್ತೂ ಅಪ್ಪ ಸಿಟ್ಟಿಗೆದ್ದ. ಅದನ್ನೂ ಬರೆದುಕೊಂಡೆ.

ಇಂಥವಳ ಕೈಗೆ ಒಂದು ಯಂತ್ರ ಸಿಕ್ಕಿತು.

ನಮ್ಮದು ಬೆಟಗೇರಿಯ ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ಅಜ್ಜನ ಕುಣಿಮಗ್ಗ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಕುಣಿ ತೋಡಿರುತ್ತಾರೆ. ನೇಯುವವನು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತಾನೆ. ಪಕ್ಕದ ಶೆಡ್ಡಿನಲ್ಲಿ ಅಪ್ಪನ ಪಾವರ್‌ಲೂಮ್‌ಗಳು. ಅವಕ್ಕೆ ಮೊಣಕಾಲೂ ಇಲ್ಲ, ನೋವೂ ಇಲ್ಲ. ಅಜ್ಜನಿಗೆ ಎರಡೂ ಇದ್ದವು. ದೀಪಾವಳಿಯಿಂದೀಚೆಗೆ ಅವನ ಮೊಣಕಾಲು ಬಗ್ಗುವುದೇ ನಿಂತುಹೋಗಿತ್ತು. ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೇ ನಿಂತಿತ್ತು. ದಿನಾ ಬೆಳಿಗ್ಗೆ ಅಜ್ಜ ಆ ಅರ್ಧ ಸೀರೆಯ ಧೂಳು ಕೊಡವಿ, ಕುಣಿಯೊಳಗೆ ಒಮ್ಮೆ ಇಣುಕಿ, ಏನೂ ಆಗಿಲ್ಲದವನ ಹಾಗೆ ಬಂದು ಚಹಾ ಕುಡಿಯುತ್ತಿದ್ದ.

ಒಂದು ದಿನ ಅಪ್ಪ ಚಹಾದ ಹೊತ್ತಿಗೇ ವಿಷಯ ತೆಗೆದ.

"ಅಪ್ಪಾ, ಆ ಕುಣಿ ಮುಚ್ಚಿಸಿಬಿಡೂಣು. ಟೈಲ್ಸ್ ಹಾಕಿದ್ರ ಕೋಣಿ ಮೊಬೈಲ್ ಅಂಗಡಿಗೆ ಬಾಡಿಗಿ ಹೋಗತೈತಿ. ಹೆಂಗೂ ನೀ ಇನ್ನ ಇಳಿಯಂಗಿಲ್ಲ."

"ಇಳಿಯಂಗಿಲ್ಲಂತ ಯಾರು ಹೇಳಿದ್ರು?"

"ನಿನ್ನ ಮೊಣಕಾಲ ಹೇಳಾಕತ್ತಾವು."

"ಅವು ಸುಳ್ಳ ಹೇಳ್ತಾವು!"

"ಹಂಗಾರ ಅಮಾಸಿ ತನಾ ನೋಡೂಣು. ಅಮಾಸಿ ದಿನ ಯಾರ ಕೈ ಹಿಡೀಲಾರದ ಇಳದು ತೋರಸು. ಇಳದ್ರ ಕುಣಿ ನಿಂದು. ಇಲ್ಲಂದ್ರ ಮರುದಿನಾ ಟೈಲ್ಸಿನವ ಬರ್ತಾನ."

ಅಜ್ಜ ಚಹಾದ ಬಟ್ಟಲು ಕೆಳಗಿಟ್ಟ. "ಆತು," ಅಂದ. ಅವನ ದನಿ ಗಟ್ಟಿಯಾಗಿತ್ತು. ಬಟ್ಟಲು ಇಡಲು ಬಗ್ಗುವಾಗ ಮಾತ್ರ ಮೊಣಕಾಲು 'ಕಟಕ್' ಅಂದಿತು. ಎಲ್ಲರೂ ಕೇಳಿಸಿಕೊಂಡೆವು.

ಡಾಕ್ಟರು ಹೇಳಿದ ಉಪಾಯ ಒಂದೇ: ದಿನಾ ಅರ್ಧ ತಾಸು ಮೊಣಕಾಲು ಮುಳುಗುವಷ್ಟು ಬಿಸಿನೀರಿನಲ್ಲಿ ಕೂಡಬೇಕು. ಬಕೆಟ್ಟಿನಲ್ಲಿ ಪಾದ ಮುಳುಗಿತು, ಮೊಣಕಾಲು ಹೊರಗುಳಿಯಿತು. ಅಡುಗೆಮನೆಯ ಹಂಡೆಯಲ್ಲಿ ಅಜ್ಜನನ್ನು ಕೂಡಿಸೋಣವೆಂದರೆ ಅವ್ವ ಹಂಡೆಯನ್ನೇ ತಬ್ಬಿಕೊಂಡು ನಿಂತಳು. ಆಗ ನಾನು ಲಕ್ಷ್ಮೇಶ್ವರದ ಮಾವನಿಗೆ, ಅಂದರೆ ಅವ್ವನ ಅಣ್ಣನಿಗೆ, ಫೋನ್ ಮಾಡಿದೆ. ಅವನದು ಹಳೆ ಸಾಮಾನಿನ ವ್ಯಾಪಾರ.

"ಏ ಸುಮಿ, ನಿನ್ನ ನಸೀಬ ಛಲೋ ಐತಿ!" ಎಂದು ಮಾವ ಕೂಗಿದ. "ಮುಚ್ಚಿಹೋದ ಒಂದು ರೆಸಾರ್ಟಿಂದು ಹಾಟ್ ಟಬ್ ಬಂದೈತಿ. ಕರೆಂಟಿನ ಮ್ಯಾಲ ನೀರು ಕಾಸತೈತಿ, ಗುಳ್ಳಿ ಎಬ್ಬಸತೈತಿ. ಅದರಾಗ ಕುಂತಾವ ಏಳಾಕ ಒಲ್ಲೆ ಅಂತಾನ!"

"ಏಳಬೇಕಂತನ ಅಲ್ಲೇನು ಕೂಡ್ರಸೂದು?" ಎಂದು ಅವ್ವ ಹಿಂದಿನಿಂದ ಕೇಳಿದಳು. ಮಾವನಿಗೆ ಕೇಳಿಸಲಿಲ್ಲ.

ಸೋಮವಾರ ಅದು ಟೆಂಪೋದಲ್ಲಿ ಬಂತು. ದಿನಚರಿಯಲ್ಲಿ ನಾನು ಬರೆದ ಮೊದಲ ಶಬ್ದ: 'ಅಬ್ಬಾ!' ಗುಂಡಗಿನ, ನೀಲಿ ಬಣ್ಣದ, ನಮ್ಮ ಅಡುಗೆಮನೆಗಿಂತ ಅಗಲವಾದ ತೊಟ್ಟಿ. ಒಳಗೆ ನುಣ್ಣಗಿನ ಆಸನಗಳು. ಅಂಚಿಗೆ ಗುಂಡಿಗಳ ಸಾಲು. ಒಂದನ್ನು ಒತ್ತಿದರೆ ಹಸಿರು ದೀಪ, ಇನ್ನೊಂದನ್ನು ಒತ್ತಿದರೆ ಕೆಂಪು ದೀಪ, ಮೂರನೆಯದನ್ನು ಒತ್ತಿದರೆ ಏನೂ ಇಲ್ಲ. ನೀರು ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಪರದೆ ಕೆಟ್ಟಿತ್ತು. ಅದರಿಂದ ನನಗೆ ಸಂತೋಷವೇ ಆಯಿತು. ಅಳೆಯುವ ಕೆಲಸ ನನಗೆ ಉಳಿಯಿತಲ್ಲ!

ಮುಂಬಾಗಿಲಿನಲ್ಲಿ ತೊಟ್ಟಿ ಹಿಡಿಸಲಿಲ್ಲ. ಹಿತ್ತಲ ಗೋಡೆಯ ಮೇಲಿನಿಂದ ಇಳಿಸಬೇಕಾಯಿತು. ಓಣಿಯ ಗಂಡಸರು, ಹೆಂಗಸರು, ಸೈಕಲ್ ಮೇಲೆ ಹಾದುಹೋಗುತ್ತಿದ್ದ ಇಬ್ಬರು ಅಪರಿಚಿತರು, ಎಲ್ಲರೂ ಹೆಗಲು ಕೊಟ್ಟರು. ಹಿತ್ತಲಲ್ಲಿ ಅದು ಕುಳಿತಾಗ ಎಲ್ಲರೂ ಸುತ್ತ ನಿಂತು ಗುಡಿಯಲ್ಲಿ ಮಂಗಳಾರತಿ ನೋಡುವವರಂತೆ ನೋಡಿದರು.

ಅಜ್ಜ ಅದರ ಅಂಚು ಸವರಿದ. "ಏನ್ ಏನ್ ಮಾಡ್ತಾರವಾ ಮನಷ್ಯಾರು!" ಅಂದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಆದ್ರ ನಾ ಇದರಾಗ ಚಡ್ಡಿ ಮ್ಯಾಲ, ಹೊಂಡದಾಗ ಎಮ್ಮಿ ಕುಂತಂಗ ಕೂಡ್ರೂದೇನು ಯವ್ವಾ? ಓಣಿ ಮಂದಿ ಎದುರಿಗೆ?"

"ಪರದೆ ಕಟ್ಟತೇನಿ ಅಜ್ಜಾ."

"ಹೂಂ," ಎಂದ ಅಜ್ಜ. ಆ 'ಹೂಂ' ಅಷ್ಟು ಉತ್ಸಾಹದ್ದಾಗಿರಲಿಲ್ಲ.

ತುಂಬಿಸುವುದು ಇನ್ನೊಂದು ಸಾಹಸ. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದಾಗಲೂ ಅದಕ್ಕೆ ಜೋರಿಲ್ಲ. ಅದಕ್ಕೇ ಮನೆಮನೆಯ ಮುಂದೆ ಒಂದು ಕುಣಿ ತೋಡಿ, ನಳವನ್ನು ಅದರೊಳಗೆ ತಗ್ಗಿಗೆ ಇಳಿಸಿ, ಅಲ್ಲಿ ಕೊಡ ಇಟ್ಟು ತುಂಬುತ್ತಾರೆ. ನಾನೂ ಚಿಕ್ಕಂದಿನಿಂದ ಆ ಕುಣಿಗೆ ಇಳಿದು ಹತ್ತಿ ಬೆಳೆದವಳೇ. ಅವತ್ತು ನೀರು ಬಂತು. ಕೊಡದ ಮೇಲೆ ಕೊಡ ತಂದು ತೊಟ್ಟಿಗೆ ಸುರಿದೆವು. ತೊಟ್ಟಿ ಕುಡಿಯುತ್ತಲೇ ಇತ್ತು. ಪಕ್ಕದ ಮನೆಯ ಶಾಂತಕ್ಕ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಳು.

"ಇಷ್ಟೂ ನೀರು ಒಬ್ಬ ಮುದುಕನ ಕಾಲಿಗೇನು ತಂಗಿ?"

ಅಜ್ಜ ತಲೆ ತಗ್ಗಿಸಿ ಒಳಗೆ ಹೋದ. ನಾನು ತಲೆ ತಗ್ಗಿಸಲಿಲ್ಲ. ಪ್ರಯೋಗಾಲಯದ ಕ್ರಮದಂತೆ ತೊಟ್ಟಿಗೆ ಒಂದು ಫಲಕ ಹಚ್ಚಿದೆ: 'ಸಾರ್ವಜನಿಕರ ಗಮನಕ್ಕೆ. ಇದು ವೈದ್ಯಕೀಯ ಉದ್ದೇಶದ ಯಂತ್ರ. ಸಂಬಂಧಪಡದವರು ಮುಟ್ಟಕೂಡದು. ಆಜ್ಞೆಯ ಮೇರೆಗೆ.'

"ಯಾರ ಆಜ್ಞಾ?" ಎಂದಳು ಶಾಂತಕ್ಕ.

"ನನ್ನದು."

"ಅಯ್ಯ, ಹಂಗಾರ ಚಿಂತಿಲ್ಲ ಬಿಡು!" ಎಂದು ಅವಳು ನಕ್ಕು ಹೋದಳು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

ಹಗಲು ಪಾವರ್‌ಲೂಮ್ ಓಡುವಾಗ ತೊಟ್ಟಿಗೂ ಕರೆಂಟು ಕೊಟ್ಟರೆ ಫ್ಯೂಸ್ ಹಾರುತ್ತಿತ್ತು. ಆದ್ದರಿಂದ ರಾತ್ರಿ ಊಟವಾದ ಮೇಲೆ ಗುಂಡಿ ಒತ್ತುವುದು, ಬೆಳಿಗ್ಗೆ ಶೆಡ್ಡು ಶುರುವಾಗುವ ಮುಂಚೆ ಅಜ್ಜನನ್ನು ಕೂಡಿಸುವುದು, ಹೀಗೆ ನಿಯಮ ಮಾಡಿದೆ. ಮೊದಲ ರಾತ್ರಿ ಗುಂಡಿ ಒತ್ತಿದಾಗ ಒಳಗಿನಿಂದ 'ಗುಂಯ್' ಎಂಬ ನಾದ ಬಂತು. ಮೈ ಜುಂ ಎಂದಿತು. ಅಷ್ಟು ನೀರನ್ನು, ಒಲೆಯಿಲ್ಲದೆ, ಹೊಗೆಯಿಲ್ಲದೆ, ನಾವು ಮಲಗಿರುವಾಗ ಯಾರೋ ನಮಗಾಗಿ ಕಾಸುತ್ತಿದ್ದಾರೆ! ಈ ಬೆರಗಿನಲ್ಲೇ ನಿದ್ದೆ ಹೋದೆ. ನನ್ನ ನಿದ್ದೆ ಗಟ್ಟಿ. ಪಾವರ್‌ಲೂಮಿನ ಸದ್ದಿನಲ್ಲಿ ತೊಟ್ಟಿಲು ತೂಗಿಸಿಕೊಂಡವಳು ನಾನು.

ಬೆಳಿಗ್ಗೆ ಏಳು ಗಂಟೆಗೆ ಪರದೆ ಸರಿಸಿ, ಮುಚ್ಚಳ ತೆಗೆದು, ಕೈ ಇಳಿಬಿಟ್ಟೆ.

ತಣ್ಣಗಿತ್ತು.

ಪೂರ್ತಿ ತಣ್ಣಗಲ್ಲ. ಬಿಸಿಯಾಗಲೋ ಬೇಡವೋ ಎಂದು ವಿಚಾರ ಮಾಡುತ್ತಿರುವ ನೀರಿನಂತೆ ಇತ್ತು. ಅಜ್ಜ ಆಗಲೇ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಬಿಸಿಲಿಗೆ ಕುಳಿತಿದ್ದ. ಮುಖ ಕೆಂಪಗೆ ಹೊಳೆಯುತ್ತಿತ್ತು. "ಇರ್ಲಿ ಬಿಡ ಯವ್ವಾ. ಸಾವಕಾಶ ಆಗತೈತಿ," ಅಂದ. ಮಗ್ಗವೇ ಕೈಯಿಂದ ಹೋಗುತ್ತಿರುವಾಗಲೂ ಎಂಥ ತಾಳ್ಮೆ! ನನ್ನ ಕಣ್ಣು ಒದ್ದೆಯಾದವು. ಈ ಮನುಷ್ಯನಿಗಾಗಿ ಯಂತ್ರವನ್ನು ಸರಿಮಾಡಿಯೇ ತೀರುತ್ತೇನೆಂದು ಪಣ ತೊಟ್ಟೆ.

ದುರಂತ ಶುರುವಾದದ್ದು ಹೀಗೆ.

ಮಂಗಳವಾರದ ನನ್ನ ತೀರ್ಮಾನ: ಕಾವು ಗಾಳಿಗೆ ಹೋಗುತ್ತಿದೆ. ಪರಿಹಾರ: ಹೊದಿಕೆ. ಮನೆಯ ಕೌದಿಗಳನ್ನೆಲ್ಲ ತಂದು ತೊಟ್ಟಿಗೆ ಸುತ್ತಿ, ನೂಲಿನ ಹಗ್ಗದಿಂದ ಬಿಗಿದೆ. ದೂರದಿಂದ ನೋಡಿದರೆ ತೊಟ್ಟಿಗೆ ಬಾಣಂತನ ಮಾಡಿದಂತೆ ಕಾಣುತ್ತಿತ್ತು. ಅವತ್ತು ಅಪ್ಪ ಟವೆಲ್ ಹೊದ್ದು ಮಲಗಿದ.

"ನೀರಿಗೆ ಕೌದಿ, ನನಗ ಟವೆಲ್!" ಎಂದ.

"ನಿಮಗೇನು ಅಮಾಸಿಗೆ ಬಿಸಿ ಆಗೂದೈತೇನು?" ಎಂದಳು ಅವ್ವ.

ಮರುದಿನ ಬೆಳಿಗ್ಗೆ ನೀರು ಮತ್ತೆ ತಣ್ಣಗೆ. ಆದರೆ ಒಂದು ಆಶ್ಚರ್ಯ. ನಾನು ಹಾಕಿದ್ದು ಸಾದಾ ಗಂಟು. ಈಗ ಹಗ್ಗಕ್ಕೆ ಇದ್ದದ್ದು, ಮಗ್ಗದಲ್ಲಿ ನೂಲು ಹರಿದಾಗ ನೇಕಾರರು ಹಾಕುವ ಸಣ್ಣ, ಚೊಕ್ಕ, ಬಿಚ್ಚದ ಗಂಟು! ನಾನು ಯಾವತ್ತೂ ಅದನ್ನು ಕಲಿತಿಲ್ಲ. ಬಹಳ ಹೊತ್ತು ನೋಡಿದೆ. ನೇಕಾರಿಕೆ ನಮ್ಮ ರಕ್ತದಲ್ಲೇ ಇದೆ, ನನಗೇ ತಿಳಿಯದಂತೆ ನನ್ನ ಬೆರಳು ಅದನ್ನು ಹಾಕಿವೆ ಎಂದು ಅರ್ಥವಾಯಿತು. ರೋಮಾಂಚನವಾಯಿತು. ಅದನ್ನು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.

ಅವತ್ತೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ತೊಟ್ಟಿಯ ತಳದಲ್ಲಿ, ನೀರು ಖಾಲಿ ಮಾಡಲೆಂದು ಒಂದು ಸಣ್ಣ ನಳ ಇದೆ. ಅದರ ಎದುರಿಗೆ ನೆಲದಲ್ಲಿ ಹೊಸದೊಂದು ಕುಣಿ! ಮಣ್ಣು ಹಸಿ. ತಳದಲ್ಲಿ ಕೆಸರು. ಮೇಲೆ ಒಂದು ತಗಡು.

ನನ್ನ ತೀರ್ಮಾನ: ಹೆಗ್ಗಣ.

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಕುಣಿಯ ಅಂಚು ನೂಲು ಹಿಡಿದು ಕೊರೆದಷ್ಟು ನೇರವಾಗಿತ್ತು. ಕಾಲಿಡಲು ಒಂದು ಮೆಟ್ಟಿಲೂ ಇತ್ತು. ಆದರೂ ನನಗೆ ಹೊಳೆದದ್ದು ಹೆಗ್ಗಣವೇ. 'ಅಸಾಮಾನ್ಯ ಶಿಸ್ತಿನ ಪ್ರಾಣಿ' ಎಂದು ಬರೆದುಕೊಂಡೆ. ಅದು ಒಳಗಿನ ತಂತಿ ಕಡಿದಿರುವುದರಿಂದಲೇ ನೀರು ಕಾಯುತ್ತಿಲ್ಲ ಎಂದು ಸಿದ್ಧಾಂತವನ್ನೂ ಕಟ್ಟಿದೆ. ಸಂಜೆ ಬೋನು ತಂದು, ಅದರೊಳಗೆ ಎರಡು ಬಿಸಿ ಮಿರ್ಚಿ ಭಜಿ ಇಟ್ಟು, ಕುಣಿಯ ಬಾಯಿಗೆ ಹಚ್ಚಿದೆ. ಗದಗಿನ ಹೆಗ್ಗಣ ಮಿರ್ಚಿ ಭಜಿಗೆ ಒಲಿಯದೆ ಇದ್ದೀತೆ?

ಬೆಳಿಗ್ಗೆ ಬೋನು ಗೋಡೆಯ ಮೇಲೆ ನೀಟಾಗಿ ಕುಳಿತಿತ್ತು. ಬಾಗಿಲು ಮುಚ್ಚಿತ್ತು. ಒಳಗೆ ಭಜಿಯೂ ಇಲ್ಲ, ಹೆಗ್ಗಣವೂ ಇಲ್ಲ. ಮೆಣಸಿನಕಾಯಿಯ ಎರಡು ತೊಟ್ಟು ಮಾತ್ರ ಒಂದರ ಪಕ್ಕ ಒಂದು ಇದ್ದವು!

ನಾನು ಬೋನಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟೆ. ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯದಲ್ಲಿ ಹುಲಿ ನೋಡಿದ್ದೇನೆ. ಆಗಲೂ ಇಷ್ಟು ಬೆರಗಾಗಿರಲಿಲ್ಲ.

"ಅಜ್ಜಾ, ಹೆಗ್ಗಣ ಭಜಿ ತಿಂದು, ತೊಟ್ಟು ತಗದಿಟ್ಟು, ಬೋನು ಮುಚ್ಚಿ ಹೋಗೈತಿ!"

ಅಜ್ಜ ಚಹಾ ಕುಡಿಯುತ್ತಿದ್ದವನು ಕೆಮ್ಮಿದ. "ಛಲೋ ಮನಿತನದ್ದ ಇರಬೇಕು," ಅಂದ. "ಇವತ್ತೂ ಇಡ್ತೀ ಏನು?"

ಇಟ್ಟೆ. ಮೂರು ದಿನ ಇಟ್ಟೆ.

ನೀರು ಮಾತ್ರ ಬಿಸಿಯಾಗಲಿಲ್ಲ. ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಟೈಲ್ಸಿನವನು ಬಂದು ಮಗ್ಗದ ಕೋಣೆಯನ್ನು ಅಳತೆ ಮಾಡಿಕೊಂಡು ಹೋದ. ಅವನ ಟೇಪು ಆ ಅರ್ಧ ಸೀರೆಯ ಮೇಲೆ ಹಾದುಹೋದಾಗ ಅಜ್ಜ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನಾನು ಮತ್ತೆ ಮಾವನಿಗೆ ಫೋನ್ ಮಾಡಿದೆ.

"ಮಷೀನು ಐದ ಸ್ಟಾರಿಂದು! ಅದರ ತಪ್ಪ ಇರಂಗಿಲ್ಲ," ಎಂದ ಮಾವ. "ನಿಮ್ಮ ಊರ ನೀರ ಗಡಸು. ಒಳಗ ಉಪ್ಪು ಕಟ್ಟಿರತೈತಿ. ಏನರ ಹುಳಿ ಹಾಕಿ ನೋಡು."

ಹುಳಿ! ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಫಳಫಳ ಹೊಳೆಯುವುದಿಲ್ಲವೆ? ಅವ್ವ ಸಂತೆಗೆ ಹೋದ ಹೊತ್ತು ನೋಡಿ, ವರ್ಷಕ್ಕೆಂದು ಇಟ್ಟ ಹುಣಸೆಹಣ್ಣಿನ ಡಬ್ಬಿಯನ್ನೇ ಕಿವುಚಿ ತೊಟ್ಟಿಗೆ ಸುರಿದೆ. ಅವ್ವ ಬಂದು ಮುಚ್ಚಳ ತೆಗೆದು ನೋಡಿದಳು. ಆಮೇಲೆ ಖಾಲಿ ಡಬ್ಬಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಒಗ್ಗರಣಿ ಒಂದ ಬಾಕಿ ಐತಿ," ಅಂದಳು.

ಮಾರನೆಯ ದಿನ ಬೆಳಿಗ್ಗೆ ನೀರು ತಣ್ಣಗೂ ಇತ್ತು, ಹುಳಿಯೂ ಇತ್ತು. ಒಂಬತ್ತರ ಹೊತ್ತಿಗೆ ಶಾಂತಕ್ಕ ಬಂದಳು. ತಲೆಗೂದಲು ಹಗ್ಗದಂತೆ ಗಂಟು ಗಂಟಾಗಿ ನಿಂತಿತ್ತು.

"ಏ ತಂಗಿ, ನಿನ್ನೆ ನೀರಿಗೆ ಏನ್ ಹಾಕಿದ್ದಿವಾ? ತಲಿ ನೋಡು ನಂದು! ನಮ್ಮ ಮನಿಯವರ ಮೈಮ್ಯಾಲ ಇರಿವಿ ಹತ್ಯಾವು!"

"ಯಾವ ನೀರಿಗೆ ಶಾಂತಕ್ಕಾ?"

ಅವಳು ನಾಲಿಗೆ ಕಚ್ಚಿಕೊಂಡಳು. "ಅಲ್ಲಾ... ನಳದ ನೀರಿಗೆ."

"ನಳ ಬಂದು ವಾರ ಆತಲ್ಲ?"

"ಅದಕ್ಕ ಮತ್ತ! ಹಳೇ ನೀರು. ಹುಳಿ ಬಂದಿರತೈತಿ!" ಎಂದು ಅವಳು ಓಡಿಯೇ ಹೋದಳು.

ಪ್ರಯೋಗಾಲಯದವಳಾದ ನನಗೆ ಇಲ್ಲಾದರೂ ಸಂಶಯ ಬರಬೇಕಿತ್ತು. ಬಂತು. ಶಾಂತಕ್ಕನ ಮನೆಯ ಬ್ಯಾರಲ್ಲು ಸ್ವಚ್ಛವಿಲ್ಲ ಎಂದು!

ಉಳಿದದ್ದು ಒಂದೇ ದಿನ. ನಾಳೆ ಅಮಾವಾಸ್ಯೆ. ಸಂಜೆ ಸ್ಕ್ರೂಡ್ರೈವರ್ ಹಿಡಿದು ತೊಟ್ಟಿಯ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆ ಏನು ಲೋಕ! ಬಣ್ಣಬಣ್ಣದ ತಂತಿಗಳು ಹಾಸು ಹೊಕ್ಕಾಗಿ ಓಡಿದ್ದವು. ಇದನ್ನು ನೇಯ್ದವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಒಂದೊಂದನ್ನೇ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದೆ. ಕೆಲವನ್ನು ಹೆಚ್ಚು ಅಂದವಾಗಿ ಕಾಣುವ ಜಾಗಕ್ಕೆ ಸಿಕ್ಕಿಸಿದೆ. ಎಲ್ಲ ಮುಗಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಮಾಡಿದವರು ಹೆಚ್ಚಾಗಿ ಹಾಕಿದ್ದಿರಬೇಕೆಂದು ಕಿಸೆಗೆ ಹಾಕಿಕೊಂಡೆ.

ಗುಂಡಿ ಒತ್ತಿದೆ. 'ಗುಂಯ್' ಎನ್ನಲಿಲ್ಲ. ಸದ್ದೇ ಇಲ್ಲದೆ ನಡೆಯುವಷ್ಟು ಸುಧಾರಿಸಿದೆ ಎಂದು ಹೆಮ್ಮೆಪಟ್ಟೆ.

ಈ ವಿಜಯವನ್ನು ಮೊದಲು ನಾನೇ ನೋಡಬೇಕೆಂದು, ಬದುಕಿನಲ್ಲಿ ಮೊದಲ ಸಲ ಅಲಾರಾಂ ಇಟ್ಟು, ಕೋಳಿ ಕೂಗುವ ಹೊತ್ತಿಗೆ ಎದ್ದು ಹಿತ್ತಲ ಬಾಗಿಲು ತೆಗೆದೆ.

ಮತ್ತು ಅಲ್ಲಿಯೇ ನಿಂತೆ.

ಇಡೀ ಓಣಿ ಅಲ್ಲಿತ್ತು! ತೊಟ್ಟಿಯಿಂದ ಹಿತ್ತಲ ಸಣ್ಣ ಗೇಟು ದಾಟಿ ಹಿಂದಿನ ರಸ್ತೆಯವರೆಗೆ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಎರಡು ಕೊಡ, ಒಂದು ತುಂಬಿದ್ದು, ಒಂದು ಖಾಲಿ. ನೂಕಾಟವಿಲ್ಲ, ಜಗಳವಿಲ್ಲ. ನಳದ ದಿನ ಒಬ್ಬರ ಜುಟ್ಟು ಒಬ್ಬರು ಹಿಡಿಯುವ ಇದೇ ಮಂದಿ, ಪರೀಕ್ಷೆಗೆ ಕುಳಿತವರಂತೆ ಸುಮ್ಮನೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಶಾಂತಕ್ಕ. ಅವಳ ಮಗಳು ಬಾಣಂತಿ. ಅವಳ ಹಿಂದೆ ಓಣಿಯ ಮುದುಕರು, ಆಮೇಲೆ ಶಾಲೆಗೆ ಹೋಗುವ ಮಕ್ಕಳ ತಾಯಂದಿರು, ಕೊನೆಗೆ ಗಟ್ಟಿಮುಟ್ಟಾದ ಗಂಡಸರು. ನಡುವೆ ನಮ್ಮ ಅವ್ವ!

ನನ್ನ ಕೌದಿಗಳು ಬಿಚ್ಚಿ ಗೋಡೆಯ ಮೇಲಿದ್ದವು. ಮತ್ತು ಆ ಹೆಗ್ಗಣದ ಕುಣಿಯಲ್ಲಿ, ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ತೊಟ್ಟಿಯ ನಳದ ಮೇಲೆ ಕೈ ಇಟ್ಟುಕೊಂಡು ಇದ್ದವನು ಅಜ್ಜ.

"ತಣ್ಣಗ ಬರಾಕತ್ತೈತಲ್ಲವಾ ಇವತ್ತು!" ಎನ್ನುತ್ತಿದ್ದ. ಆಮೇಲೆ ತಲೆ ಎತ್ತಿ ನನ್ನನ್ನು ಕಂಡ.

ಸಾಲಿನಲ್ಲಿ ಒಂದು ಕೊಡ ಕೆಳಗೆ ಬಿದ್ದು ಉರುಳಿತು.

"ಅಜ್ಜಾ, ಏನಿದು?"

ಅಜ್ಜ ಸಣ್ಣ ಮಗುವಿನಂತೆ ಮುಖ ಮಾಡಿದ. "ಮೊದಲನೇ ದಿನಾ ನಸುಕಿನಾಗ ಕೈ ಇಟ್ಟು ನೋಡಿದೆ ಯವ್ವಾ. ಸುಡು ಸುಡು ನೀರು! ಏನ್ ಮಷೀನ ಅದು! ಶಾಂತವ್ವ ಬಾಣಂತಿಗೆ ಒಂದು ಕೊಡ ಬಿಸಿನೀರು ಕೇಳಿದ್ಲು. ಇಷ್ಟು ನೀರ ಇಟಗೊಂಡು ಇಲ್ಲ ಅನ್ನೂದು ಹೆಂಗ?"

"ನಾವು ನೀರು ಒಯ್ದಿಲ್ಲ ತಂಗಿ," ಎಂದಳು ಶಾಂತಕ್ಕ, ನ್ಯಾಯಾಲಯದಲ್ಲಿ ನಿಂತವಳಂತೆ. "ನಮ್ಮ ಮನಿ ಕೊಡ ತಂದು ಮ್ಯಾಲ ಹಾಕಿ, ಒಂದು ಕೊಡ ಕೆಳಗ ಹಿಡದೇವಿ. ಬರೇ ಕಾವು ಒಯ್ದೇವಿ."

ಬರೇ ಕಾವು! ಪ್ರತಿ ರಾತ್ರಿ ಆ ಯಂತ್ರ ಒಂದು ತಪ್ಪೂ ಮಾಡದೆ ನೀರನ್ನು ಕುದಿಯುವಷ್ಟು ಕಾಸಿತ್ತು. ಪ್ರತಿ ನಸುಕಿನಲ್ಲಿ ಓಣಿ ಆ ಕಾವನ್ನು ಕೊಡದಲ್ಲಿ ಹಂಚಿಕೊಂಡಿತ್ತು. ತೊಟ್ಟಿಯ ನೀರು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿರಲಿಲ್ಲ. ತೊಟ್ಟಿಯ ನಳ ತಗ್ಗಿನಲ್ಲಿದ್ದುದರಿಂದ, ಊರಿನ ಪದ್ಧತಿಯಂತೆ, ಅದರ ಮುಂದೆ ಕುಣಿ ತೋಡಿದ್ದರು. ನಾನು ಏಳುವ ಮುಂಚೆ ಕೌದಿ ಸುತ್ತಿ, ಗಂಟು ಹಾಕಿ, ಕುಣಿಗೆ ತಗಡು ಮುಚ್ಚಿ ಹೋಗುತ್ತಿದ್ದರು.

"ನನಗ ಯಾಕ ಹೇಳಲಿಲ್ಲ?"

ಅವ್ವ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

"ಹೇಳೂಣಂದ್ವಿ. ನಿಮ್ಮ ಅಜ್ಜ ಬ್ಯಾಡಂದ. 'ಪಾಪ, ಹುಡುಗಿ ಖುಷೀಲೆ ರಿಪೇರಿ ಮಾಡಾಕತ್ತೈತಿ, ಮಾಡ್ಲಿ ಬಿಡು' ಅಂದ."

"ಭಜಿ?"

ಅಜ್ಜ ಮೀಸೆ ಒರೆಸಿಕೊಂಡ. "ಭಾಳ ಛಲೋ ಇದ್ದುವು," ಅಂದ.

"ಅದೆಲ್ಲಾ ಇರ್ಲಿ," ಎಂದ ಸಾಲಿನ ತುದಿಯಲ್ಲಿದ್ದ ಒಬ್ಬ. "ಇವತ್ತ ಯಾಕ ತಣ್ಣಗ ಬರಾಕತ್ತೈತಿ?"

ಇಡೀ ಓಣಿ ನನ್ನ ಕಡೆ ತಿರುಗಿತು. ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಉಳಿದ ಸ್ಕ್ರೂವನ್ನು ಹೊರಗೆ ತೆಗೆದೆ. ಅದನ್ನು ನೋಡಿದ್ದೇ ಶಾಂತಕ್ಕ ಎದೆಗೆ ಕೈ ಹಚ್ಚಿಕೊಂಡಳು.

"ಅಯ್ಯಯ್ಯ! ರಿಪೇರಿ ಮಾಡಿಬಿಟ್ಲು!"

ಅಷ್ಟೂ ದಿನ ಕೆಡದೇ ಇದ್ದ ಯಂತ್ರವನ್ನು ನಾನು ಅಷ್ಟೂ ದಿನ ಸರಿಮಾಡಿದ್ದೆ. ಕೊನೆಗೆ ಅದು ಸೋತು ಕೆಟ್ಟಿತ್ತು. ನನ್ನ ಪಾಲಿಗೆ ಆಗ ಭೂಮಿ ಬಾಯ್ಬಿಡಬಹುದಿತ್ತು. ಹಾಗೆ ನೆಲದ ಕಡೆ ನೋಡಿದಾಗಲೇ ಅದು ಕಣ್ಣಿಗೆ ಬಿತ್ತು. ಇಳಿಬಿಟ್ಟ ಎರಡು ಕಾಲು. ಬಗ್ಗಿದ ಎರಡು ಮೊಣಕಾಲು. ಸೋರಿದ ನೀರಿನ ಕೆಸರಲ್ಲಿ ಪಾದ.

"ಅಜ್ಜಾ! ನೀ ಕುಣಿಯಾಗ ಇಳದೀ!"

"ಹೂಂ. ಮತ್ತ ನಳ ಯಾರು ತಿರುವಬೇಕು?"

"ಯಾರ ಕೈ ಹಿಡಕೊಂಡು ಇಳದಿ?"

"ಮೊದಲೆರಡು ದಿನ ಶಾಂತವ್ವ ಹಿಡದಿದ್ಲು. ಆಮ್ಯಾಲ ಅಕಿ ಕೈಯಾಗ ಕೊಡ ಇರ್ತಿದ್ವಲ್ಲ..." ಅಜ್ಜ ಅಲ್ಲಿಗೆ ನಿಲ್ಲಿಸಿದ. ತನ್ನ ಕಾಲನ್ನು ತಾನೇ ನೋಡಿದ, ಬೇರೆ ಯಾರದೋ ಕಾಲು ಎನ್ನುವ ಹಾಗೆ. ದಿನಾ ನಸುಕಿನಲ್ಲಿ ನಳದಿಂದ ಸೋರಿದ ಬಿಸಿನೀರು ಆ ಕುಣಿಯಲ್ಲಿ ನಿಂತು ಅವನ ಕಾಲು ಕಾಸಿತ್ತು. ದಿನಾ ಅವನು ಇಳಿದಿದ್ದ, ಹತ್ತಿದ್ದ. ಇದನ್ನು ನಳದ ಕುಣಿ ಎಂದುಕೊಂಡಿದ್ದನೇ ಹೊರತು, ತಾನು ಕೂತದ್ದು ಮಗ್ಗದ ಮುಂದೆ ಕೂತಂತೆಯೇ ಎಂದು ಅವನಿಗೂ ಹೊಳೆದಿರಲಿಲ್ಲ.

ಅಜ್ಜ ಎದ್ದ. ಯಾರ ಕೈಯನ್ನೂ ಹಿಡಿಯಲಿಲ್ಲ. ಕೆಸರುಗಾಲಲ್ಲೇ ಅಡುಗೆಮನೆ ದಾಟಿ, ನಡುಮನೆ ದಾಟಿ, ಮುಂದಿನ ಕೋಣೆಗೆ ನಡೆದ. ಹಿಂದೆ ನಾವು, ನಮ್ಮ ಹಿಂದೆ ಕೊಡಗಳ ಸಮೇತ ಓಣಿ. ಅಮಾವಾಸ್ಯೆಗೆ ಶೆಡ್ಡಿಗೆ ರಜೆಯಾದ್ದರಿಂದ ಟವೆಲ್ ಹೊದ್ದು ಮಲಗಿದ್ದ ಅಪ್ಪ, ಇಷ್ಟು ಮಂದಿ ತನ್ನನ್ನು ದಾಟಿ ಹೋಗುವುದನ್ನು ಕಂಡು ಗಾಬರಿಯಾಗಿ ಎದ್ದು ಕುಳಿತ.

"ಏನಾತು? ಯಾರಿಗೆ ಏನಾತು?"

ಅಜ್ಜ ಮಗ್ಗದ ಕುಣಿಯ ಅಂಚಿಗೆ ಕುಳಿತ. ಒಂದು ಕಾಲು ಇಳಿಬಿಟ್ಟ. ಇನ್ನೊಂದು ಕಾಲು ಇಳಿಬಿಟ್ಟ. ಕೆಳಗಿನ ಹಲಗೆ 'ಟಪ್' ಎಂದಿತು. ಕೈ ಲಾಳಿಗೆ ಹೋಯಿತು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿತು. ದೀಪಾವಳಿಯಿಂದ ನಿಂತಿದ್ದ ಸೀರೆ ಒಂದು ಎಳೆ ಬೆಳೆಯಿತು.

ನಾನು ತೊಟ್ಟಿಯ ಮುಂದೆ ಬೆರಗಾಗಿದ್ದೆ, ಹೆಗ್ಗಣದ ಮುಂದೆ ಬೆರಗಾಗಿದ್ದೆ. ಅವೆಲ್ಲ ಅಭ್ಯಾಸಕ್ಕಾಗಿ ಆಗಿದ್ದೆನೆಂದು ಈಗ ತಿಳಿಯಿತು.

ಅಪ್ಪ ಮಂದಿಯನ್ನು ಸರಿಸಿಕೊಂಡು ಮಗ್ಗದ ಹತ್ತಿರ ಬಂದ. ಆಮೇಲೆ ಫೋನ್ ತೆಗೆದು ಟೈಲ್ಸಿನವನಿಗೆ, "ನಾಳೆ ಬರಬ್ಯಾಡೋ ಮಾರಾಯ. ಇಲ್ಲಿ ಮಂದಿ ಕೆಲಸ ಮಾಡಾಕತ್ತಾರ," ಎಂದ. ಫೋನ್ ಇಟ್ಟು, ಕಣ್ಣು ಒರೆಸಿಕೊಂಡು, "ಯಾರು ಮಾಡಿದ್ರು ಇದನ್ನ?" ಎಂದು ಕೇಳಿದ.

ನಾನು ಒಂದು ಹೆಜ್ಜೆ ಮುಂದೆ ಬಂದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅಜ್ಜ ಶಾಂತಕ್ಕನ ಹೆಸರು ಹೇಳಿದ. ಶಾಂತಕ್ಕ ಓಣಿಯ ಹೆಸರು ಹೇಳಿದಳು. ಓಣಿ ದೇವರ ಹೆಸರು ಹೇಳಿತು. ಸೈಕಲ್ ಮೇಲೆ ಹಾದುಹೋದ ಆ ಇಬ್ಬರು ಅಪರಿಚಿತರನ್ನೂ ಯಾರೋ ನೆನೆದರು. ನಾನು ಇಟ್ಟಿದ್ದ ಹೆಜ್ಜೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಬಾಣಂತಿಗೆ ಅವತ್ತು ನೀರು ಕಾಸಿದ್ದು ಹಿತ್ತಲಲ್ಲಿ, ಮೂರು ಕಲ್ಲಿನ ಮೇಲೆ, ಅವ್ವನ ಹಂಡೆಯಲ್ಲಿ. ಒಲೆ ಊದುವ ಕೆಲಸವನ್ನು ಓಣಿ ಒಮ್ಮತದಿಂದ ನನಗೇ ವಹಿಸಿತು. ಕಣ್ಣಲ್ಲಿ ಹೊಗೆ ತುಂಬಿಕೊಂಡು ಊದುತ್ತ ಕುಳಿತಿರುವಾಗ ಲಕ್ಷ್ಮೇಶ್ವರದಿಂದ ಮಾವನ ಫೋನ್ ಬಂತು. ಅವ್ವ ಎತ್ತಿದಳು.

"ಹೆಂಗೈತಿ ನಮ್ಮ ಮಷೀನು?" ಎನ್ನುವ ದನಿ ಒಲೆಯವರೆಗೂ ಕೇಳಿತು.

"ಮಷೀನು ಭಾಳ ಛಲೋ ಇತ್ತಣ್ಣಾ," ಎಂದಳು ಅವ್ವ. "ನಿನ್ನ ಸೊಸಿ ರಿಪೇರಿ ಮಾಡ್ಯಾಳ."